ಪುನರ್ವಸು ಮಳೆಯಲ್ಲಿ ಅಪ್ಪ ಮಡಿಕೇರಿಗೆ ಬಂದಾಗ

ಮೇ ತಿಂಗಳಲ್ಲಿ ಬಾ ಅಂತ ಅಪ್ಪನಿಗೆ ಎಷ್ಟು ಹೇಳಿದರೂ ಬರಲಿಲ್ಲ. ಹೊಲ ಹದ ಮಾಡಬೇಕು ಅಂದ. ಅಕ್ಟೋಬರಿನಲ್ಲಿ ಬಾ ಅಂದೆ. ಬಿಳಿಜೋಳ ಬಿತ್ತುವ ಹೊತ್ತಲ್ವಾ, ಹೇಗೆ ಬರಲಿ ಅಂದ. ಕೊನೆಗೆ ಕಳೆದ ಜುಲೈ ಎರಡನೇ ವಾರ ಅವನೇ ಫೋನ್ ಮಾಡಿದ. ತೊಗರಿ ಬಿತ್ತಿಯಾಗಿತ್ತು. ಮಿರಗದ ಮಳೆ ಸ್ವಲ್ಪ ಬಂದು ಆರಿದ್ರಾ ಕೈಕೊಟ್ಟಿತ್ತು. "ಮುಗಿಲ ನೋಡಿಕೋಂತ ಕುಂತ ಕುಂತ ಸಾಕಾಗೇತಿ ಯವ್ವಾ. ನಾಕ ದಿನ ನಿನ್ನ ಕಡೆ ಬರ್ತೀನಿ" ಅಂದ.

ನಾನು ವಿಜಯಪುರ ಜಿಲ್ಲೆಯವಳು. ಡೋಣಿ ಹೊಳೆಯ ಪಕ್ಕದ ಊರು. ಏಳು ವರ್ಷದಿಂದ ಮಡಿಕೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಊರಿಗೂ ಇಲ್ಲಿಗೂ 600 ಕಿಲೋಮೀಟರ್‌ಗಿಂತ ಜಾಸ್ತಿ. ರಾಜ್ಯ ಒಂದೇ. ಆದರೂ ಅಂಗಡಿಯಲ್ಲಿ ಬಾಯಿ ತೆರೆದರೆ ಸಾಕು, "ನೀವು ಯಾವ ಕಡೆಯವರು?" ಅಂತ ಇವತ್ತಿಗೂ ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೂ ಆ ಪ್ರಶ್ನೆ ಬಂದಾಗಲೆಲ್ಲ ನಾನು ಹೊರಗಿನವಳು ಅಂತ ನೆನಪಾಗುತ್ತದೆ.

ಅಪ್ಪ ಇಲ್ಲಿಗೆ ಬರುವುದು ಅದೇ ಮೊದಲು. ಮಗಳು ಎಂಥ ಜಾಗದಲ್ಲಿದ್ದಾಳೆ ಅಂತ ಅವನು ನೋಡಬೇಕು, ನೋಡಿ ಖುಷಿಪಡಬೇಕು ಅನ್ನುವ ಆಸೆ ನನಗೆ ತುಂಬ ಇತ್ತು. ಆದರೆ ಜುಲೈಯಲ್ಲಿ ಮಡಿಕೇರಿಯಲ್ಲಿ ಏನು ತೋರಿಸುವುದು? ಬೆಟ್ಟವೆಲ್ಲ ಮಂಜಿನೊಳಗೆ. ದುಬಾರೆಯಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ. ನಿಸರ್ಗಧಾಮದ ತೂಗುಸೇತುವೆಗೂ ನೀರು ಏರಿದರೆ ಬೀಗ. ನಮ್ಮ ಕಡೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು, ಅಂದರೆ ಸುಮಾರು 24 ಇಂಚು. ಮಡಿಕೇರಿಗೆ 3,000 ಮಿಲಿಮೀಟರ್ ದಾಟುತ್ತದೆ, ಅಂದರೆ 118 ಇಂಚಿಗೂ ಜಾಸ್ತಿ. ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಆಗಸ್ಟ್‌ವರೆಗೆ ಸುರಿದುಬಿಡುತ್ತದೆ.

ಹಾಗಾಗಿ ತಯಾರಿ ಮನೆಯಿಂದಲೇ ಶುರು ಮಾಡಿದೆ. ಮಳೆಗಾಲದಲ್ಲಿ ಇಲ್ಲಿಗೆ ನೆಂಟರು ಬರುವುದಾದರೆ ಮೊದಲು ಬೇಕಾದ್ದು ಒಣ ಬಟ್ಟೆ, ಒಣ ಹಾಸಿಗೆ. ನೋಡುವ ಜಾಗದ ಪಟ್ಟಿ ಆಮೇಲೆ. ಕಂಬಳಿಗಳನ್ನು ಅಗ್ಗಿಷ್ಟಿಕೆ ಮೇಲೆ ಕಾಯಿಸಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟೆ. ಎರಡು ಮೂಟೆ ಇದ್ದಿಲು ತಂದೆ. ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸಲು ಇನ್ನೊಂದು ಹಗ್ಗ ಕಟ್ಟಿದೆ. ಕರೆಂಟ್ ಹೋದರೆ ಎರಡು ದಿನ ಬರದೇ ಇರಬಹುದು. ಅದಕ್ಕೆ ಟಾರ್ಚು, ಮೇಣದಬತ್ತಿ, ಪವರ್ ಬ್ಯಾಂಕ್. ಪೇಟೆಯಿಂದ ಅಪ್ಪನ ಅಳತೆಗೆ ಗಂಬೂಟ್, ಅಗಲದ ದೊಡ್ಡ ಕೊಡೆ.

ಅಪ್ಪ ರಾತ್ರಿ ರೈಲಿನಲ್ಲಿ ಮೈಸೂರಿಗೆ ಬಂದು ಅಲ್ಲಿಂದ ಬಸ್ ಹಿಡಿದ. ಕೊಡಗಿಗೆ ರೈಲಿಲ್ಲವಲ್ಲ. ನಾನು ಕುಶಾಲನಗರದವರೆಗೆ ಇಳಿದು ಹೋಗಿ ಅದೇ ಬಸ್ಸಿಗೆ ಹತ್ತಿದೆ. ಮೇಲಿನ 30 ಕಿಲೋಮೀಟರ್ ಅವನ ಪಕ್ಕದಲ್ಲೇ ಕೂರಬೇಕು ಅಂತ ನನಗೆ ಆಸೆ. ಕುಶಾಲನಗರದಲ್ಲಿ ಬರೀ ಮೋಡ. ಆನೆಕಾಡು ದಾಟುವಾಗ ಹನಿ ಶುರುವಾಯಿತು. ಸುಂಟಿಕೊಪ್ಪ ಬರುವಷ್ಟರಲ್ಲಿ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದವು. ಅಪ್ಪ ಮಾತ್ರ ತನ್ನ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದೇ ಇಟ್ಟ. ತೋಳು ಒದ್ದೆಯಾಗುತ್ತಿತ್ತು. ಹಿಂದಿನ ಸೀಟಿನವರು ಮುಚ್ಚಿ ಅಂದಾಗ ಮುಚ್ಚಿದ. ಆಮೇಲೆ ಗಾಜಿಗೆ ಹಣೆ ಹಚ್ಚಿ ಕೂತ. "ಇದೇನವಾ, ಮೋಡ ನೆಲಕ್ಕ ಇಳದೈತಲ್ಲ" ಅಂದ. ಮಡಿಕೇರಿ ಬರುವವರೆಗೆ ಮತ್ತೆ ಮಾತಾಡಲಿಲ್ಲ.

ಅವ್ವ ಕಟ್ಟಿ ಕಳಿಸಿದ್ದ ಖಡಕ್ ರೊಟ್ಟಿಯ ಗಂಟು ರಾತ್ರಿ ಬಿಚ್ಚಿದೆವು. ಬೆಳಗಾಗುವಷ್ಟರಲ್ಲಿ ರೊಟ್ಟಿ ಬಟ್ಟೆಯ ಹಾಗೆ ಮಡಚಲು ಬರುತ್ತಿತ್ತು. ಊರಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿ ಇರುವ ರೊಟ್ಟಿ ಅದು. ಅಪ್ಪ ಒಂದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಅಗ್ಗಿಷ್ಟಿಕೆಯ ಮುಂದೆ ಕೂತು ಒಂದೊಂದೇ ಕಾಯಿಸಿದ. ಮತ್ತೆ ಖಡಕ್ ಆಯಿತು. ಆಮೇಲೆ ದಿನಾ ಬೆಳಗ್ಗೆ ಅದು ಅವನ ಕೆಲಸ.

ಇನ್ನೊಂದು ಕೆಲಸವೂ ಅವನ ಪಾಲಿಗೆ ಬಂತು. ನನ್ನ ಮನೆ ಯಜಮಾನಿಯನ್ನು ನಾನು ಆಂಟಿ ಅನ್ನುತ್ತೇನೆ. ಅವರ ಮನೆಮಾತು ಅರೆಭಾಷೆ, ಕನ್ನಡಕ್ಕೆ ಹತ್ತಿರದ ಇಲ್ಲಿನ ಮಾತು. ಹಿತ್ತಲಲ್ಲಿ ಸ್ವಲ್ಪ ಕಾಫಿ ತೋಟ ಇದೆ, ತೋಟದ ಅಂಚಿನಲ್ಲಿ ಮಳೆ ಅಳೆಯುವ ಡಬ್ಬಿ. ಇಲ್ಲಿನ ಬೆಳೆಗಾರರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಬೆಳಗ್ಗೆ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಪ್ಪ ಅದನ್ನು ನೋಡಿ ಮಗುವಿನ ಹಾಗೆ ಕುತೂಹಲಪಟ್ಟ. "ಅಕ್ಕಾರ, ನಾಳಿ ನಾ ನೋಡ್ಲ್ಯಾ?" ಅಂತ ಕೇಳಿದ. ಆಂಟಿ ಅಳತೆಯ ಗಾಜನ್ನೇ ಅವನ ಕೈಗೆ ಕೊಟ್ಟರು. ಮೊದಲ ದಿನ 2 ಇಂಚು 60 ಸೆಂಟ್ ಬಂತು. ಅಪ್ಪ ಎರಡು ಸಲ ಓದಿ ಖಾತ್ರಿ ಮಾಡಿಕೊಂಡ. ಆಂಟಿಗೆ ಅದು ಮಾಮೂಲಿ ಮಳೆ. ಅವನಿಗೆ ಅದು ಊರಿನ ಒಂದಿಡೀ ತಿಂಗಳ ಮಳೆ.

ಮಾರನೇ ದಿನ ರಾಜಾಸೀಟಿಗೆ ಕರೆದುಕೊಂಡು ಹೋದೆ. ಏನೂ ಕಾಣಲಿಲ್ಲ. ಕಂಬಿಯ ಆಚೆ ಬಿಳಿ ಗೋಡೆ. "ಇಲ್ಲಿ ಸಾಲಾಗಿ ಬೆಟ್ಟ ಇದಾವೆ ಅಪ್ಪ, ಕೆಳಗೆ ಗದ್ದೆ ಬಯಲು ಇದೆ" ಅಂತ ಬೆರಳು ತೋರಿಸಿ ಹೇಳುತ್ತಲೇ ಇದ್ದೆ. ನನಗೆ ಅಳುವೇ ಬರುವ ಹಾಗಾಗಿತ್ತು. ಇಷ್ಟು ದೂರದಿಂದ ಬಂದವನಿಗೆ ಇಷ್ಟನ್ನೂ ತೋರಿಸಲು ಆಗಲಿಲ್ಲವಲ್ಲ ಅಂತ.

ಓಂಕಾರೇಶ್ವರ ದೇವಸ್ಥಾನದಲ್ಲಿ ಅದು ಬದಲಾಯಿತು. ಮೆಟ್ಟಿಲ ಹತ್ತಿರ ಅಪ್ಪ ಕೊಡೆ ಸರಿಸಿ ಮೇಲೆ ನೋಡಿದ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಎದುರಿಗೆ ಕೊಳ. ಕೊಳದ ತುಂಬ ಹನಿ ಕುಣಿಯುತ್ತಿತ್ತು. "ಇದು ನಮ್ಮ ಗೋಳಗುಮಟದ ತಮ್ಮ ಇದ್ದಂಗ ಐತಲ್ಲ!" ಅಂದ. ನಾನು ಏಳು ವರ್ಷದಲ್ಲಿ ಎಷ್ಟು ಸಲ ಅಲ್ಲಿಗೆ ಹೋಗಿದ್ದೇನೋ. ನನಗೆ ಒಂದು ಸಲವೂ ಹಾಗೆ ಅನ್ನಿಸಿರಲಿಲ್ಲ. ಗೋಳಗುಮ್ಮಟ ಮೊಹಮ್ಮದ್ ಆದಿಲ್‌ಶಾಹನ ಸಮಾಧಿ, 1656ರ ಕಾಲದ್ದು. ಓಂಕಾರೇಶ್ವರವನ್ನು ಲಿಂಗರಾಜೇಂದ್ರ ಕಟ್ಟಿಸಿದ್ದು 1820ರಲ್ಲಿ. ಒಳಗೆ ಶಿವಲಿಂಗ, ಮೇಲೆ ಗುಮ್ಮಟ. ಅಪ್ಪ ಅಂಗಿ ಒದ್ದೆಯಾಗುವುದನ್ನೂ ಗಮನಿಸದೆ ಸುತ್ತ ಎರಡು ಸಲ ನಡೆದ.

ಅವನ ಉತ್ಸಾಹ ನೋಡಿ ಅಲ್ಲಿಂದ ಸೀದಾ ಗದ್ದಿಗೆಗೆ ಆಟೋ ಮಾಡಿಸಿದೆ. ಮೊದಲು ಅದು ನನ್ನ ಪಟ್ಟಿಯಲ್ಲೇ ಇರಲಿಲ್ಲ. "ಗದ್ದಿಗೆ" ಅನ್ನುವ ಮಾತು ಕೇಳಿದ ಕೂಡಲೇ ಅಪ್ಪ ಚಪ್ಪಲಿ ಎಲ್ಲಿ ಬಿಡಬೇಕು ಅಂತ ಕೇಳಿದ. ನಮ್ಮ ಕಡೆ ಮಠದ ಸ್ವಾಮಿಗಳ ಸಮಾಧಿಗೆ ನಾವು ಅನ್ನುವುದೂ ಗದ್ದಿಗೆಯೇ. ಕೊಡಗನ್ನು ಆಳಿದ ಹಾಲೇರಿ ರಾಜರು ಲಿಂಗಾಯತರು, ಇಕ್ಕೇರಿ ಕಡೆಯ ಮೂಲದವರು, 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸುವವರೆಗೆ ಆಳಿದರು ಅಂತ ನಾನು ಹೇಳುತ್ತಾ ಹೋದೆ. ಅಪ್ಪ ಸುಮ್ಮನೆ ಕೇಳಿದ. ದೊಡ್ಡವೀರರಾಜೇಂದ್ರ, ಲಿಂಗರಾಜೇಂದ್ರ ಇಬ್ಬರ ಗದ್ದಿಗೆಯ ಮೇಲೂ ಅದೇ ಗುಮ್ಮಟ. ಗೋಡೆಯೆಲ್ಲ ಮಳೆಗೆ ಕಪ್ಪಾಗಿ, ಅಂಚಿಗೆ ಪಾಚಿ ಹಸಿರಾಗಿ ಹತ್ತಿತ್ತು. ಅಪ್ಪ ಕಟ್ಟೆಗೆ ಹಣೆ ಮುಟ್ಟಿಸಿದ. ನಾನೂ ಮುಟ್ಟಿಸಿದೆ. ಅವತ್ತು ಬೇರೆ ಯಾರೂ ಅಲ್ಲಿರಲಿಲ್ಲ. ಬಿಸಿಲಿನ ದಿನ ಬಂದಿದ್ದರೆ ರಾಜಾಸೀಟಲ್ಲಿ ಫೋಟೋ ತೆಗೆಸಿಕೊಂಡು, ಅಬ್ಬಿ ಜಲಪಾತಕ್ಕೆ ಹೋಗಿ, ಈ ಕಡೆ ತಲೆ ಹಾಕದೆ ಮನೆಗೆ ಹೋಗುತ್ತಿದ್ದೆವು.

ಅವತ್ತು ಸಂಜೆಯಿಂದ ಮಳೆ ಬೇರೆ ಥರ ಶುರುವಾಯಿತು. ಗಾಳಿಯೂ ಸೇರಿತು. ರಾತ್ರಿ ಹೊತ್ತಿಗೆ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಸಂದೇಶ ಬಂತು: ರೆಡ್ ಅಲರ್ಟ್, ನಾಳೆ ಶಾಲೆಗಳಿಗೆ ರಜೆ. ಈ ಮಳೆ ರಜೆಯ ಪಾಠವನ್ನು ಮುಂದೆ ಶನಿವಾರಗಳಲ್ಲಿ ಮುಗಿಸಿಕೊಡಬೇಕು. ಅಲರ್ಟಿನ ಬಣ್ಣದ ಅರ್ಥ ಅಪ್ಪನಿಗೆ ವಿವರಿಸಿದೆ. ಒಂದು ದಿನಕ್ಕೆ 64.5 ಮಿಲಿಮೀಟರ್ ದಾಟಬಹುದು ಅಂದರೆ ಹಳದಿ, 115.6ರಿಂದ ಕಿತ್ತಳೆ, 204.4 ದಾಟಬಹುದು ಅಂದರೆ ಕೆಂಪು. 204 ಅಂದರೆ ಎಂಟು ಇಂಚು. ನಮ್ಮೂರಿನ ವರ್ಷದ ಮಳೆಯಲ್ಲಿ ಮೂರರಲ್ಲಿ ಒಂದು ಪಾಲು, ಒಂದೇ ದಿನಕ್ಕೆ.

ಅಪ್ಪನ ಮುಖ ಅರಳಿತು. "ಹಂಗಾರ ನಾಳಿ ಅಬ್ಬಿ ನೋಡಾಕ ಹೋಗೂಣು. ತುಂಬಿ ಹರೀತಿರಬೇಕು" ಅಂದ.

ಆಗುವುದಿಲ್ಲ ಅಂದೆ. ಯಾಕೆ ಅಂತ ಕೇಳಿದ. ರಸ್ತೆ ಸರಿ ಇರುವುದಿಲ್ಲ, ಮರ ಬೀಳುತ್ತವೆ, ಧರೆ ಕುಸಿಯುತ್ತದೆ ಅಂದೆ. ಅವನಿಗೆ ಸಿಟ್ಟು ಬಂತು. "ನಾ ಮಳಿಗೆ ಅಂಜೂ ಮನಷ್ಯಾ ಅಲ್ಲ" ಅಂದ. ನಾನೂ ದನಿ ಏರಿಸಿದೆ. ಆರು ವರ್ಷದ ಹುಡುಗಿಯಾಗಿದ್ದಾಗ, ಡೋಣಿಗೆ ನೀರು ಬಂದ ದಿನ ಇವನು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಿದ್ದ. "ಡೋಣಿ ಹರಿದರೆ ಓಣೆಲ್ಲ ಜೋಳ" ಅನ್ನುವ ಊರು ನಮ್ಮದು. ನೀರು ಬಂದರೆ ಓಡಿಹೋಗಿ ನೋಡುವುದೇ ಅವನಿಗೆ ಗೊತ್ತು. ನೀರು ಬಂದರೆ ದೂರ ನಿಲ್ಲುವುದನ್ನು ನಾನು ಇಲ್ಲಿಗೆ ಬಂದ ಮೇಲೆ ಕಲಿತೆ.

ಬೆಳಗ್ಗೆ ಮಳೆಯ ಡಬ್ಬಿಯಲ್ಲಿ 6 ಇಂಚು 15 ಸೆಂಟ್ ಇತ್ತು. ಕರೆಂಟ್ ಇರಲಿಲ್ಲ. ಇಡೀ ದಿನ ಮನೆಯೊಳಗೇ ಇದ್ದೆವು. ಸಂಜೆ ಆಂಟಿ ಕಣಿಲೆ (ಎಳೆ ಬಿದಿರು) ಪಲ್ಯ, ಅಕ್ಕಿರೊಟ್ಟಿ ಹಿಡಿದುಕೊಂಡು ನಮ್ಮ ಕಡೆಗೆ ಬಂದರು. ನಾವು ಕಾಯಿಸಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆವು. ಮೂವರೂ ಅಗ್ಗಿಷ್ಟಿಕೆ ಸುತ್ತ ಕೂತೆವು. ಅವರ ಕನ್ನಡ ಅಪ್ಪನಿಗೆ, ಅಪ್ಪನ ಕನ್ನಡ ಅವರಿಗೆ ಪೂರ್ತಿ ತಿಳಿಯುತ್ತಿರಲಿಲ್ಲ. ನಡುವೆ ನಾನು ಕನ್ನಡದಿಂದ ಕನ್ನಡಕ್ಕೆ ಹೇಳಬೇಕಾಗುತ್ತಿತ್ತು.

ಅಪ್ಪ ಕಾಫಿ ಬೆಳೆಯ ಬಗ್ಗೆ ಕೇಳಿದ. ಆಂಟಿ ಹೇಳಿದರು. ಕಾಫಿಗೆ ಬೇಕಾದ್ದು ಫೆಬ್ರವರಿ, ಮಾರ್ಚಿನ ಹೂಮಳೆ. ಸರಿಯಾದ ಹೊತ್ತಿಗೆ ಒಂದು ಇಂಚು ಬಿದ್ದರೆ ಗಿಡ ತುಂಬ ಹೂ. ಆಮೇಲೆ ಕೆಲವು ವಾರ ಬಿಟ್ಟು, ಕಾಯಿ ಕಟ್ಟಲು, ಬ್ಯಾಕಿಂಗ್ ಮಳೆ. ಈಗ ಹೀಗೆ ಬಿಡದೆ ಹೊಡೆದರೆ ಕೊಳೆರೋಗ, ಕಾಯೆಲ್ಲ ಉದುರಿ ನೆಲಕ್ಕೆ. ಅಪ್ಪ ತಲೆ ಆಡಿಸಿದ. "ನಮ್ಮಲ್ಲಿ ಬೇಕಂದ್ರ ಬರವಲ್ದು. ನಿಮ್ಮಲ್ಲಿ ಬ್ಯಾಡಂದ್ರ ನಿಂದ್ರವಲ್ದು" ಅಂದ.

ಆಗ ಆಂಟಿ 2018ರ ಮಾತು ತೆಗೆದರು. ನನಗೂ ಅವರು ಅಷ್ಟು ವಿವರವಾಗಿ ಯಾವತ್ತೂ ಹೇಳಿರಲಿಲ್ಲ. ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಬೆಟ್ಟಗಳು ಜಾರಿದ್ದು ಎಲ್ಲರಿಗೂ ಗೊತ್ತು. ಆಂಟಿಯ ಅಕ್ಕನ ಮನೆ ಮಕ್ಕಂದೂರು ಕಡೆ ಇತ್ತು. "ಅಕ್ಕನ ಮನೆ ಹಿಂದೆ ಸಣ್ಣ ತೋಡು ಇತ್ತು ಅಣ್ಣ. ಆ ಬೆಳಗ್ಗೆ ಅದರ ನೀರು ಕೆಂಪಾಯ್ತು. ಆಮೇಲೆ ಅಷ್ಟು ಮಳೆಯಲ್ಲೂ ನೀರು ಕಡಿಮೆ ಆಯ್ತು. ಭಾವನಿಗೆ ಏನೋ ಅನುಮಾನ ಬಂತು. ದನದ ಹಗ್ಗ ಬಿಚ್ಚಿಬಿಟ್ಟು ಎಲ್ಲರೂ ಉಟ್ಟ ಬಟ್ಟೆಯಲ್ಲೇ ಹೊರಟರು. ಮಧ್ಯಾಹ್ನ ಮನೆ ಇದ್ದ ಜಾಗದಲ್ಲಿ ಮನೆ ಇರಲಿಲ್ಲ, ತೋಟವೂ ಇರಲಿಲ್ಲ." ಅಕ್ಕ ತಿಂಗಳಿಗಿಂತ ಜಾಸ್ತಿ ಪರಿಹಾರ ಕೇಂದ್ರದಲ್ಲಿದ್ದರು. "ಮೊದಲು ನಮಗೂ ಮಳೆ ಅಂದ್ರೆ ಖುಷಿಯೇ. ಈಗ ರಾತ್ರಿ ಜೋರಾಗಿ ಹೊಡೆದ್ರೆ ನಿದ್ದೆ ಬರೋದಿಲ್ಲ. ಸುಮ್ನೆ ಕಿವಿ ಕೊಟ್ಟು ಮಲಗಿರ್ತೇನೆ."

ಬಾಗಿಲ ಹಿಂದೆ ಅವರು ಒಂದು ಚೀಲ ನೇತುಹಾಕಿರುತ್ತಾರೆ. ನಾನು ಅದನ್ನು ಏಳು ವರ್ಷದಿಂದ ನೋಡಿದ್ದೇನೆ. ಜಾಗದ ಪತ್ರ, ಆಧಾರ್, ಬ್ಯಾಂಕ್ ಪುಸ್ತಕ, ಬಿ.ಪಿ. ಮಾತ್ರೆ, ಟಾರ್ಚು, ಎಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿದೆ. ಜೂನ್‌ನಲ್ಲಿ ನೇತುಹಾಕಿದರೆ ಅಕ್ಟೋಬರಿನಲ್ಲಿ ಇಳಿಸುವುದು.

ಅಪ್ಪ ಬಹಳ ಹೊತ್ತು ಕೆಂಡ ಕೆದಕುತ್ತಾ ಕೂತ. ಆಂಟಿ ಹೋದ ಮೇಲೆ ಎದ್ದು ನನ್ನ ಕಾಗದ ಪತ್ರ ಎಲ್ಲಿವೆ ಅಂತ ಕೇಳಿದ. ನನ್ನ ನೇಮಕಾತಿ ಆದೇಶ, ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಾನು ತಂದಿದ್ದ ಕೈಚೀಲದಲ್ಲಿಟ್ಟು, ನಮ್ಮ ಬಾಗಿಲ ಹಿಂದೆಯೂ ನೇತುಹಾಕಿದ. ಅಬ್ಬಿಯ ಮಾತು ಮತ್ತೆ ಎತ್ತಲಿಲ್ಲ.

ಮಾರನೇ ದಿನ ಪೂರ್ವಕ್ಕೆ ಇಳಿದೆವು. ಕೊಡಗಿನಲ್ಲಿ ಇರುವವರಿಗೆ ಇದು ಗೊತ್ತು, ಹೊಸಬರಿಗೆ ಗೊತ್ತಿರುವುದಿಲ್ಲ. ಮಡಿಕೇರಿಯಲ್ಲಿ ಧಾರಾಕಾರ ಸುರಿಯುವಾಗಲೂ ಕುಶಾಲನಗರದ ಆಚೆ ಎಷ್ಟೋ ಸಲ ಬಿಸಿಲು ಇರುತ್ತದೆ. ಮಳೆಮೋಡ ಪಶ್ಚಿಮದ ಬೆಟ್ಟಕ್ಕೆ ಬಡಿದು ಅಲ್ಲೇ ಖಾಲಿಯಾಗುತ್ತದೆ. ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿನ ಅಂಗಳದಲ್ಲಿ ಅಪ್ಪ ಒದ್ದೆ ಪಟಗ ಬಿಚ್ಚಿ ಮೊಣಕಾಲ ಮೇಲೆ ಹರಡಿ ಒಣಗಿಸಿದ. ಒಳಗಿನ 60 ಅಡಿಯ ಬುದ್ಧನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಒಬ್ಬ ಟಿಬೆಟನ್ ಹಿರಿಯರ ಜೊತೆ ಮಾತಾಡಿದ. ಅವರ ಕನ್ನಡ ಚೆನ್ನಾಗಿತ್ತು. ಇಲ್ಲಿನ ಶಿಬಿರ 1961ರಲ್ಲಿ ಶುರುವಾದಾಗ ಅವರು ಸಣ್ಣ ಹುಡುಗ. ಸುತ್ತ ಕಾಡು, ಆನೆ. "ನಿಮ್ಮೂರಾಗ ಮಳಿ ಹೆಂಗ?" ಅಂತ ಅಪ್ಪ ಕೇಳಿದ. ಮಳೆ ಕಡಿಮೆ, ಹಿಮ ಅಂತ ಅವರು ಹೇಳಿದರು. ಇಬ್ಬರೂ ಒಣ ನಾಡಿನವರು ಅಂತ ಅಪ್ಪನಿಗೆ ಏನೋ ಸಮಾಧಾನ.

ವಾಪಸ್ ಬರುವಾಗ ಹಾರಂಗಿ ಜಲಾಶಯ ನೋಡಿದೆವು. ಗೇಟು ತೆರೆದಿದ್ದರು. ನಮ್ಮ ಆಲಮಟ್ಟಿ 123 ಟಿಎಂಸಿ, ಇದು ಎಂಟೂವರೆ. ಆದರೆ ಇದು ಕಣ್ಣೆದುರೇ ಬಿದ್ದ ಮಳೆಯಿಂದ ತುಂಬಿದ್ದು. ಆಲಮಟ್ಟಿ ಮಹಾಬಳೇಶ್ವರದ ಕಡೆಯ ಮಳೆಗೆ ತುಂಬುತ್ತದೆ. ನಮ್ಮ ಹೊಲದಲ್ಲಿ ಹನಿ ಬೀಳದೆ ಬಿರುಕು ಬಿಟ್ಟಿರುವಾಗಲೂ ಅಲ್ಲಿ ಗೇಟು ತೆರೆಯುತ್ತಾರೆ.

ಕೊನೆಯ ದಿನ ಅಲರ್ಟ್ ಹಳದಿಗೆ ಇಳಿದಿತ್ತು. ಆಂಟಿಯ ತವರು ಚೇರಂಬಾಣೆ ಕಡೆ. ಅಲ್ಲಿ ನಾಟಿ ನಡೆಯುತ್ತಿತ್ತು, ಕರೆದರು. ರಸ್ತೆ ಹೇಗಿದೆ ಅಂತ ಆ ದಾರಿಯ ಬಸ್ ಕಂಡಕ್ಟರ್ ಒಬ್ಬರನ್ನು ಕೇಳಿಕೊಂಡೇ ಹೊರಟೆ. ಮಳೆಗಾಲದಲ್ಲಿ ಅವರಷ್ಟು ಸರಿಯಾಗಿ ಹೇಳುವವರು ಬೇರೆ ಇಲ್ಲ. ದಾರಿಯಲ್ಲಿ ಬೆಟ್ಟಗೇರಿ ಅನ್ನುವ ಫಲಕ ಕಂಡು ಅಪ್ಪ "ನಮ್ಮ ಗದಗ ಬೆಟಗೇರಿ ಇಲ್ಲಿಗೂ ಬಂದೈತಿ" ಅಂದ.

ಗದ್ದೆಯ ಹತ್ತಿರ ನಾವು ಇಳಿದಾಗ ಸಣ್ಣ ಮಳೆ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಸದ್ದು ಮಾಡುತ್ತಾ ಇಳಿಯುತ್ತಿತ್ತು. ಟಿಲ್ಲರ್ ಕೆಲಸ ಮುಗಿದಿತ್ತು. ಹತ್ತು ಹನ್ನೆರಡು ಜನ ಬೆನ್ನಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಬಗ್ಗಿ ನೆಡುತ್ತಿದ್ದರು. ಅರ್ಧ ಜನ ಅಸ್ಸಾಮಿನವರು. ಮೊದಲು ಎಲ್ಲರೂ ಮಳೆಗೆ ತಲೆ, ಬೆನ್ನು ಮುಚ್ಚುವ ಗೊರಬೆ ಹಾಕುತ್ತಿದ್ದರಂತೆ. ಒಂದು ಹಳೆಯ ಗೊರಬೆ ಅಟ್ಟದಿಂದ ತೆಗೆದು ಅಪ್ಪನಿಗೆ ತೋರಿಸಿದರು. ಅಪ್ಪ ಅದನ್ನು ತಲೆ ಮೇಲಿಂದ ಬೆನ್ನಿಗೆ ಹಾಕಿಕೊಂಡ. ಗಂಬೂಟ್ ಬಿಚ್ಚಿಟ್ಟ. ಧೋತರ ಮೊಣಕಾಲ ಮೇಲಕ್ಕೆ ಕಟ್ಟಿ ಗದ್ದೆಗೆ ಇಳಿದೇಬಿಟ್ಟ.

ಐವತ್ತು ವರ್ಷ ಕೂರಿಗೆ ಹಿಡಿದ ಕೈ ಅದು. ನಮ್ಮ ಕಡೆ ಕಾಳು ಕೂರಿಗೆಯ ಬಟ್ಟಲಿಂದ ನೆಲದೊಳಗೆ ಇಳಿಯುತ್ತದೆ, ಬೆಳೆ ಬರುವವರೆಗೆ ಕೈಗೆ ಸಿಗುವುದಿಲ್ಲ. ಇಲ್ಲಿ ಒಂದೊಂದು ಸಸಿಯನ್ನೂ ಬೆರಳಿಂದ ಊರಬೇಕು. ಪಕ್ಕದಲ್ಲಿದ್ದ ಅಸ್ಸಾಮಿನ ಹುಡುಗ ಮಾತಿಲ್ಲದೆ ಕೈ ತೋರಿಸಿ ಕಲಿಸಿದ. ಅಪ್ಪನ ಮೊದಲ ಸಸಿಗಳು ತೇಲಿ ಎದ್ದವು. ಆಮೇಲೆ ನಿಂತವು. ಒಂದು ಸಾಲು ಪೂರ್ತಿ ನೆಟ್ಟ. ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ನಾನು ಆ ಸಾಲನ್ನು ಎಣಿಸಿದೆ. ಎಷ್ಟಿತ್ತು ಅಂತ ಈಗ ಮರೆತಿದೆ. ಅವನ ಮುಖ ಮರೆತಿಲ್ಲ. ಮೇಲೆ ಬಂದಾಗ ಮೀನಖಂಡಕ್ಕೆ ಮೂರು ಜಿಗಣೆ ಹತ್ತಿದ್ದವು. ತನ್ನ ಚಂಚಿಯ ತಂಬಾಕನ್ನೇ ನೀರಲ್ಲಿ ಹಿಂಡಿ ಬಿಟ್ಟ. ತಾವಾಗಿಯೇ ಉದುರಿದವು.

ಅಲ್ಲಿಂದ ಭಾಗಮಂಡಲಕ್ಕೆ ಹೋದೆವು. ತ್ರಿವೇಣಿ ಸಂಗಮದ ಮೆಟ್ಟಿಲುಗಳಲ್ಲಿ ಅರ್ಧ ನೀರೊಳಗೆ. ಕಾವೇರಿ, ಕನ್ನಿಕೆ ಎರಡೂ ಒಂದೇ ಕೆಂಪು. ತಲಕಾವೇರಿ ಅಲ್ಲಿಂದ ಎಂಟು ಕಿಲೋಮೀಟರ್. ಮೇಲೆ ದಟ್ಟ ಮಂಜು. 2020ರ ಆಗಸ್ಟಿನಲ್ಲಿ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಮಣ್ಣಾದದ್ದು ನನ್ನ ತಲೆಯಲ್ಲಿತ್ತು. ಇನ್ನೊಂದು ಜಗಳಕ್ಕೆ ಮನಸ್ಸಲ್ಲೇ ತಯಾರಾದೆ. ಅಪ್ಪ ತಾನೇ ಹೇಳಿದ, "ಬ್ಯಾಡವಾ. ಮ್ಯಾಲ ಹುಟ್ಟಿದಾಕಿ ಇಲ್ಲಿಗೇ ಬಂದಾಳಲ್ಲ." ಒಂದು ಮೆಟ್ಟಿಲ ಮೇಲೆ ಕೂತು, ಬೊಗಸೆಯಲ್ಲಿ ನೀರೆತ್ತಿ ಹಣೆಗೆ ಹಚ್ಚಿಕೊಂಡ. ಆಮೇಲೆ ಬಹಳ ಹೊತ್ತು ಹರಿಯುವ ನೀರನ್ನೇ ನೋಡಿದ. ನಾನು ಅವಸರ ಮಾಡಲಿಲ್ಲ.

ಹೊರಡುವ ದಿನ ಬೆಳಗ್ಗೆ ಅವನು ಮಳೆ ಓದಿ, ಗಾಜು ತೊಳೆದು, ಒರೆಸಿ ಆಂಟಿಗೆ ವಾಪಸ್ ಕೊಟ್ಟ. ಆಂಟಿ ಒಣಗಿಸಿದ ಹಲಸಿನ ಹಪ್ಪಳ, ಒಂದು ಕಿಲೋ ಕಾಫಿಪುಡಿ ಕಟ್ಟಿಕೊಟ್ಟರು. "ಅಕ್ಕಾರ, ರಾತ್ರಿ ಚಂದಂಗಿ ನಿದ್ದಿ ಮಾಡ್ರಿ" ಅಂದ. ಅದನ್ನು ನಾನು ಬೇರೆ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ಈಗ ದಿನಾ ಬೆಳಗ್ಗೆ ಶಾಲೆಗೆ ಹೊರಡುವ ಮುಂಚೆ ಅವನ ಫೋನ್ ಬರುತ್ತದೆ. ಮೊದಲ ಪ್ರಶ್ನೆ, "ನಿನ್ನಿ ಎಷ್ಟ ಬಿತ್ತವಾ?" ನಾನು ಇಂಚು, ಸೆಂಟ್ ಹೇಳುತ್ತೇನೆ. ಅವನು ಅಲ್ಲಿ ಕ್ಯಾಲೆಂಡರಿನ ಮೇಲೆ ಬರೆದುಕೊಳ್ಳುತ್ತಾನೆ. ಆಮೇಲೆ ಆಂಟಿ ರಾತ್ರಿ ಮಲಗಿದ್ದರಾ ಅಂತ ಕೇಳುತ್ತಾನೆ. ನಾನು ತೊಗರಿ ಹೇಗಿದೆ ಅಂತ ಕೇಳುತ್ತೇನೆ. ಆಶ್ಲೇಷಾ ಮಳೆ ಹುಟ್ಟಿದ ಮಾರನೇ ದಿನ ಅವನೇ ಮೊದಲು ಹೇಳಿದ: "ರಾತ್ರಿ ನಮ್ಮಲ್ಲೂ ಬಂತು. ಅಂಗಳದಾಗ ಡಬ್ಬಿ ಇಟ್ಟಿದ್ದೆ. ಮುಕ್ಕಾಲ ಇಂಚ ಐತಿ."